ಸಬ್‌ವೂಫರ್ ಪೋರ್ಟ್ ‘ಫುಸ್’ ಅಂದರೆ: ಬಾಯಿ ಅರಳಿದ ದೊಡ್ಡ ಪೈಪನ್ನು ಮನೆಯಲ್ಲೇ ಮಾಡುವುದು

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಮನೆಯ ಹಾಲ್‌ಗೆ 12 ಇಂಚಿನ ಸಬ್‌ವೂಫರ್ ಬಾಕ್ಸ್ ಮಾಡಿದ್ದೇನೆ. 60 ಲೀಟರ್, 28 ಹರ್ಟ್ಸ್‌ಗೆ ಟ್ಯೂನ್ (ಪೈಪಿನ ಗಾಳಿ ಅತಿ ಜೋರಾಗಿ ಕಂಪಿಸುವ ಸ್ವರ). ಪೋರ್ಟ್‌ಗೆ, ಅಂದರೆ ಬಾಕ್ಸಿನ ಗಾಳಿ ಓಡಾಡುವ ತೂತಿಗೆ, 110 ಎಂಎಂ ಪಿವಿಸಿ ಪೈಪ್ ಹಾಕಿದ್ದೇನೆ. ಸಿನಿಮಾದಲ್ಲಿ ಜೋರು ಬೇಸ್ ಬಂದಾಗ ಪೈಪಿನಿಂದ ‘ಫುಸ್ ಫುಸ್’ ಅಂತ ಗಾಳಿ ಸದ್ದು ಬರುತ್ತೆ. ಬಾಯಿ ಅರಳಿದ 6 ಇಂಚಿನ ಪೋರ್ಟ್ ಹಾಕು ಅಂತಾರೆ. ಇಲ್ಲಿ ಎಲ್ಲೂ ಸಿಗಲಿಲ್ಲ. ಅಮೆರಿಕದಿಂದ ತರಿಸಿದರೆ ಸಾಗಾಟ, ಕಸ್ಟಮ್ಸ್ ಸೇರಿ ಬಾಕ್ಸ್‌ಗಿಂತ ಜಾಸ್ತಿ ಆಗುತ್ತೆ. ಮನೆಯಲ್ಲೇ ಮಾಡಬಹುದಾ?

ಉತ್ತರ: ಮಾಡಬಹುದು, ಚೆನ್ನಾಗಿಯೇ ಬರುತ್ತದೆ. ಆದರೆ 6 ಇಂಚಿನದು ನಿಮ್ಮ ಬಾಕ್ಸ್‌ಗೆ ಬೇಡ.

ಮೊದಲು ಒಂದು ಪರೀಕ್ಷೆ ಮಾಡಿ. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 28 ಹರ್ಟ್ಸ್ ಟೋನನ್ನು ಸಬ್‌ವೂಫರಿನಲ್ಲಿ ಸಣ್ಣ ದನಿಯಲ್ಲಿ ಬಿಡಿ. ಊದುಬತ್ತಿ ಹಚ್ಚಿ ಬಾಕ್ಸಿನ ಮೂಲೆ, ವೈರ್ ಬರುವ ತೂತು, ಸ್ಪೀಕರ್ ಅಂಚು ಎಲ್ಲದರ ಹತ್ತಿರ ಹಿಡಿಯಿರಿ. ಹೊಗೆ ನಡುಗಿದರೆ ಅಲ್ಲಿ ಗಾಳಿ ಸೋರುತ್ತಿದೆ. ಎಷ್ಟೋ ಸಲ ‘ಫುಸ್’ ಅನ್ನುವುದು ಪೋರ್ಟ್ ಅಲ್ಲ, ವೈರ್ ಜೋಡಿಸುವ ಟರ್ಮಿನಲ್ ಕಪ್ಪಿನ ಸಂದು.

ಸೋರಿಕೆ ಇಲ್ಲ ಅಂದರೆ ಗಾಳಿಯ ವೇಗವೇ ಸಮಸ್ಯೆ. ಪೈಪಿನ ಚೂಪಾದ ಅಂಚಿನಲ್ಲಿ ವೇಗದ ಗಾಳಿ ಅಂಟಿಕೊಂಡು ಹೋಗಲಾರದೆ ಕಿತ್ತುಕೊಂಡು ಸುಳಿಯಾಗುತ್ತದೆ. ಆ ಸುಳಿಗಳದೇ ಸದ್ದು. ಸೆಕೆಂಡಿಗೆ ಸುಮಾರು 17 ಮೀಟರ್ ಒಳಗಿದ್ದರೆ ತೊಂದರೆ ಇಲ್ಲ ಎಂಬುದು ಹಳೆಯ ಲೆಕ್ಕ, ಬಾಯಿ ಅರಳಿದ್ದರೆ ಇನ್ನೂ ಸ್ವಲ್ಪ ಮೇಲೆ ಹೋಗಬಹುದು. ಅಂದರೆ ದಾರಿ ಎರಡು: ಪೈಪು ದಪ್ಪ ಮಾಡುವುದು (ಅಂದರೆ ವ್ಯಾಸ ಹೆಚ್ಚಿಸುವುದು), ಅಂಚು ದುಂಡಗೆ ಮಾಡುವುದು. ದಪ್ಪವೇ ಮುಖ್ಯ, ಅಂಚು ಆಮೇಲೆ.

ದಪ್ಪ ಮಾಡಿದರೆ ಉದ್ದ ಬೆಳೆಯುತ್ತದೆ, ಕಷ್ಟ ಇರುವುದೇ ಇಲ್ಲಿ. 110 ಎಂಎಂ ಪೈಪಿನ ಒಳವ್ಯಾಸ ಸುಮಾರು 105. ನಿಮ್ಮ 60 ಲೀಟರ್, 28 ಹರ್ಟ್ಸ್‌ಗೆ ಅದು ಸುಮಾರು 47 ಸೆಂ.ಮೀ. ಉದ್ದ ಬೇಕು. 160 ಎಂಎಂ, ಅಂದರೆ ಆ 6 ಇಂಚಿನ ಪೈಪು ಹಾಕಿದರೆ ಗಾಳಿಯ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಸರಿ, ಆದರೆ ಉದ್ದ 106 ಸೆಂ.ಮೀ. ಆಗುತ್ತದೆ, ಪೈಪೇ ಬಾಕ್ಸಿನೊಳಗೆ 21 ಲೀಟರ್ ಜಾಗ ತಿನ್ನುತ್ತದೆ, ಸಾಲದ್ದಕ್ಕೆ ಅಷ್ಟು ಉದ್ದದ ಪೈಪು 150 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಕೊಳಲಾಗಿ ಹಾಡಲು ಶುರು ಮಾಡುತ್ತದೆ. ಎರಡು 110 ಪೈಪು ಹಾಕಿದರೂ ಇದೇ ಕಥೆ, ಒಂದೊಂದೂ ಮೀಟರ್ ದಾಟುತ್ತದೆ.

ನನ್ನ ಸಲಹೆ 140 ಎಂಎಂ. ಇದನ್ನು ಪ್ಲಂಬಿಂಗ್ ಅಂಗಡಿಯಲ್ಲಿ ಕೇಳಬೇಡಿ, ತೋಟಕ್ಕೆ ಪೈಪು ಮಾರುವ ಅಂಗಡಿಗೆ ಹೋಗಿ. 4 ಕೆ.ಜಿ. ಒತ್ತಡದ್ದು ಸಾಕು, ಒಳವ್ಯಾಸ ಸುಮಾರು 134 ಬರುತ್ತದೆ. ತುಂಡಾಗಿ ಕೊಡುತ್ತಾರಾ ಕೇಳಿ. 28 ಹರ್ಟ್ಸ್‌ಗೆ 80 ಸೆಂ.ಮೀ. ಬೇಕು. 32 ಹರ್ಟ್ಸ್ ಸಾಕು ಅಂದರೆ 59 ಸೆಂ.ಮೀ. ನೀವು ಹಾಡು ಜಾಸ್ತಿ ಕೇಳುವವರಾದರೆ 32 ಕಣ್ಮುಚ್ಚಿ ಆರಿಸಿ, ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯೇ 41 ಹರ್ಟ್ಸ್. ಪೈಪು ತಿನ್ನುವ 9ರಿಂದ 12 ಲೀಟರನ್ನು ಬಾಕ್ಸಿಗೆ ಸೇರಿಸಲು ಮರೆಯಬೇಡಿ.

ಈಗ ಬಾಯಿ. ಹೊರಗಿನ ಬಾಯಿಯನ್ನು ಮರದಲ್ಲಿ ಮಾಡಿ. ಮೂರು ಪದರ 18 ಎಂಎಂ ಎಂಡಿಎಫ್ ಬೇಕು. ಹಿಂದಿನ ಪದರಕ್ಕೆ ಪೈಪು ಕೂರುವಷ್ಟು 140ರ ತೂತು, ಮುಂದಿನ ಎರಡಕ್ಕೆ ಪೈಪಿನ ಒಳವ್ಯಾಸದಷ್ಟು, ಅಂದರೆ 134ರ ತೂತು. ಫೆವಿಕಾಲ್ ಹಚ್ಚಿ ಒತ್ತಿಟ್ಟು, ಒಣಗಿದ ಮೇಲೆ ಅಂಚು ದುಂಡಗೆ ಮಾಡುವ 25 ಎಂಎಂ ರೌಂಡ್‌ಓವರ್ ಬಿಟ್ಟಿನಲ್ಲಿ ಮುಂದಿನ ಅಂಚು ಹೊಡೆಸಿ. 36 ಎಂಎಂ ದಪ್ಪದಲ್ಲಿ 25 ಹೋದರೆ 11 ಉಳಿಯುತ್ತದೆ, ಬಿಟ್ಟಿನ ಬೇರಿಂಗ್ ಓಡಲು ಅದು ಬೇಕೇ ಬೇಕು. ಆ ಬಿಟ್ಟಿಗೆ ಅರ್ಧ ಇಂಚಿನ ದೊಡ್ಡ ರೂಟರ್ ಬೇಕು, ಮನೆಯ ಸಣ್ಣ ಟ್ರಿಮ್ಮರಿಗೆ ಹಾಕುವ ಸಾಹಸ ಬೇಡ. ಮಾಡ್ಯುಲರ್ ಕಿಚನ್ ಮಾಡುವ ಬಡಗಿಗಳ ಹತ್ತಿರ ಇರುತ್ತದೆ.

ಪೈಪು ಮರಕ್ಕೆ ಸೇರುವ ಜಾಗವನ್ನು ಒಳಗಿನಿಂದ ಉಗುರಲ್ಲಿ ಗೀರಿ ನೋಡಿ. ಉಗುರು ತಡೆದರೆ ಗಾಳಿಯೂ ಅಲ್ಲಿ ತಡೆಯುತ್ತದೆ. ಪುಟ್ಟಿ ಹಾಕಿ, ಉಜ್ಜಿ, ಮತ್ತೆ ಉಗುರು ಆಡಿಸಿ. ಇನ್ನೊಂದು ಮಾತು, ಪಿವಿಸಿಗೆ ಫೆವಿಕಾಲ್ ಹಿಡಿಯುವುದಿಲ್ಲ. ಪೈಪಿನ ಹೊರಮೈಯನ್ನು 80 ನಂಬರ್ ಎಮರಿ ಪೇಪರಿನಲ್ಲಿ ಒರಟು ಮಾಡಿ ಅರಾಲ್ಡೈಟ್ ಹಚ್ಚಿ.

ಒಳಗಿನ ಬಾಯಿಗೆ ಬಿಸಿ ವಿಧಾನ. ತೋಟದಲ್ಲಿ ಪೈಪು ಜೋಡಿಸುವವರು ತುದಿಗೆ ಬೆಂಕಿ ತೋರಿಸಿ, ಮೆತ್ತಗಾದ ಮೇಲೆ ಇನ್ನೊಂದು ಪೈಪು ತುರುಕಿ ಸಾಕೆಟ್ ಮಾಡುವುದನ್ನು ನೋಡಿರುತ್ತೀರಿ ಅಲ್ವಾ, ಅದೇ ಕೆಲಸ. ಆದರೆ ಬೆಂಕಿ ಬೇಡ, ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಆಸಿಡ್ ಇರುತ್ತದೆ. ಹೀಟ್ ಗನ್ ತಗೊಂಡು ಅಂಗಳದಲ್ಲಿ ಕೂತು ಮಾಡಿ. ಕೆಲವರು ಸ್ಟೀಲ್ ಬೋಗುಣಿಯ ತಳವನ್ನು ಪೈಪಿಗೆ ಒತ್ತುತ್ತಾರೆ. ಬಾಯಿ ಅಗಲವಾಗುತ್ತದೆ ನಿಜ, ಆದರೆ ಬೋಗುಣಿಯ ಹೊಟ್ಟೆ ನಮಗೆ ಬೇಕಾದ ಬಾಗಿಗೆ ಉಲ್ಟಾ. ಲೇತಿನಲ್ಲಿ ಮರ ಕಡೆಯುವವರಿಗೆ ಹೇಳಿ ಒಂದು ಅಚ್ಚು ಮಾಡಿಸಿ: ಕೆಳಗೆ ಪೈಪಿನೊಳಗೆ ಸಲೀಸಾಗಿ ಇಳಿಯುವ ನೇರ ಭಾಗ, ಮೇಲೆ 25 ಎಂಎಂ ತ್ರಿಜ್ಯದಲ್ಲಿ ಹೊರಗೆ ಬಾಗಿದ ಅಂಚು. ಪೈಪಿನ ತುದಿಯ 6–7 ಸೆಂ.ಮೀ. ಭಾಗವನ್ನು ತಿರುಗಿಸುತ್ತಾ ಎಲ್ಲ ಕಡೆ ಸಮನಾಗಿ ಬಿಸಿ ಮಾಡಿ. ಒತ್ತಿದರೆ ತೊಗಲಿನಷ್ಟು ಮೆತ್ತಗಾದಾಗ ಅಚ್ಚು ಇಳಿಸಿ, ಒದ್ದೆ ಬಟ್ಟೆ ಸುತ್ತಿ, ಪೂರ್ತಿ ತಣ್ಣಗಾಗುವ ತನಕ ಅಚ್ಚು ತೆಗೆಯಬೇಡಿ. ಬೇಗ ತೆಗೆದರೆ ಪೈಪು ಹಳೆಯ ಆಕಾರಕ್ಕೇ ಕುಗ್ಗುತ್ತದೆ. ಬಣ್ಣ ಕಂದುತ್ತಿದ್ದರೆ ಬಿಸಿ ಜಾಸ್ತಿಯಾಯಿತು ಅಂತ ಅರ್ಥ.

ಇನ್ನೂ ದೊಡ್ಡದಾಗಿ ಅರಳಿಸಿದರೆ ಇನ್ನೂ ಒಳ್ಳೆಯದಾ? ಹಾಗೇನಿಲ್ಲ. 2002ರಲ್ಲಿ ಸಾಲ್ವಟ್ಟಿ, ಡೆವಾಂಟಿಯರ್, ಬಟನ್ ಎಂಬ ಮೂವರು ಇಂಜಿನಿಯರುಗಳು ಪ್ರಕಟಿಸಿದ ಪೋರ್ಟ್ ಅಧ್ಯಯನದಲ್ಲಿ, ಜೋರು ದನಿಯಲ್ಲಿ ಅತಿಯಾಗಿ ಅರಳಿದ ಬಾಯಿಗಿಂತ ಹದವಾಗಿ ಅರಳಿದ್ದೇ ಮೇಲು ಎಂದು ಕಂಡಿತ್ತು.

ಎರಡೂ ತುದಿ ಅರಳಿದ ಮೇಲೆ ಉದ್ದ ಸರಿಪಡಿಸಲು ತುದಿ ಕತ್ತರಿಸುವಂತಿಲ್ಲ. ಅದಕ್ಕೇ ಪೈಪನ್ನು ಎರಡು ತುಂಡಾಗಿ ಇಟ್ಟುಕೊಂಡು ನಡುವೆ ಹೊರಗಿನಿಂದ ಕಪ್ಲರ್ ಹಾಕಿ. ಅರಳಿದ ಭಾಗದ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಶುರುವಿನಲ್ಲಿ ಎರಡು ಮೂರು ಸೆಂ.ಮೀ. ಉದ್ದ ಬಿಡಿ. ಆಮೇಲೆ ಟೋನನ್ನು 22ರಿಂದ 36 ಹರ್ಟ್ಸ್‌ವರೆಗೆ ನಿಧಾನ ಏರಿಸಿ. ಸ್ಪೀಕರಿನ ಕೋನ್ ಎಲ್ಲಿ ಅತಿ ಕಡಿಮೆ ಅಲುಗುತ್ತದೋ ಅದೇ ನಿಮ್ಮ ಟ್ಯೂನಿಂಗ್. ಬೇಕಾದ್ದಕ್ಕಿಂತ ಕೆಳಗಿದ್ದರೆ ನಡುವಿನಿಂದ ಸ್ವಲ್ಪ ಕತ್ತರಿಸಿ, ಮತ್ತೆ ನೋಡಿ. ಸರಿ ಬಂದ ಮೇಲೆಯೇ ಸಾಲ್ವೆಂಟ್ ಅಂಟು ಹಚ್ಚಿ.

ಪ್ರಶ್ನೆ: ಕಾರಿನ ಡಿಕ್ಕಿಯ ಬಾಕ್ಸ್‌ಗೆ ತ್ರೀಡಿ ಪ್ರಿಂಟ್ ಮಾಡಿಸಿದ ಪೋರ್ಟ್ ಬಾಯಿ ಹಾಕಬಹುದಾ?

ಉತ್ತರ: ಹಾಕಿ, ಆದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ. ಅದು 60 ಡಿಗ್ರಿ ಸುತ್ತಮುತ್ತ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಸೊಟ್ಟಗಾಗುವ ಅಪಾಯ ಇದೆ. ಎಬಿಎಸ್ ಅಥವಾ ಪಿಇಟಿಜಿಯಲ್ಲಿ ಮಾಡಿಸಿ. ಸಾಮಾನ್ಯ ಪ್ರಿಂಟರಿನ ಹಾಸು 220 ಎಂಎಂ. 110ರ ಪೈಪಿಗೆ ಸುತ್ತಲೂ 50 ಎಂಎಂ ಅರಳಿಸಿದರೂ ಅದರಲ್ಲಿ ಹಿಡಿಯುತ್ತದೆ. ಪದರದ ಗೆರೆಗಳನ್ನು ಉಜ್ಜಿ ನುಣುಪು ಮಾಡಿ, ಒಳಗಿನ ಬಾಯಿಗೂ ಬಾಕ್ಸಿನ ಗೋಡೆಗೂ ನಡುವೆ ಕನಿಷ್ಠ ಪೈಪಿನ ವ್ಯಾಸದಷ್ಟು ಜಾಗ ಬಿಡಿ.