ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಆಡದ ಬಾಸ್ಕೆಟ್‌ಬಾಲ್ ಆಟಗಾರ ನಿಕೋಸ್ ಗಾಲಿಸ್‌ಗೆ ಗ್ರೀಸ್‌ನಲ್ಲಿ ಯಾಕಿಷ್ಟು ಹೆಸರು?

ಒಂದೇ ಮಾತಲ್ಲಿ ಹೇಳಬೇಕೆಂದರೆ, 1987. ಗಾಲಿಸ್ ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. 1979ರಲ್ಲಿ ಎನ್‌ಬಿಎ ತಂಡ ಬೋಸ್ಟನ್ ಸೆಲ್ಟಿಕ್ಸ್ ಇವರನ್ನು ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆಯಲ್ಲಿ) ಆರಿಸಿತ್ತು, ಆದರೆ ಕಾಲಿಗೆ ಪೆಟ್ಟಾಗಿ ತಂಡದಲ್ಲಿ ಜಾಗ ಸಿಗಲಿಲ್ಲ. ಆಗ ಅಪ್ಪ ಅಮ್ಮನ ನಾಡಾದ ಗ್ರೀಸ್‌ಗೆ ಹೋಗಿ ಥೆಸಲೋನಿಕಿಯ ಆರಿಸ್ ಕ್ಲಬ್ ಸೇರಿದರು, ಅಲ್ಲಿ 8 ಲೀಗ್ ಪ್ರಶಸ್ತಿ ಗೆದ್ದರು.

ಆದರೆ ಜನ ಇಂದಿಗೂ ನೆನೆಯುವುದು 1987ರ ಯೂರೋಬಾಸ್ಕೆಟ್ (ಯೂರೋಪಿನ ದೇಶಗಳ ಚಾಂಪಿಯನ್‌ಶಿಪ್) ಫೈನಲ್. ಎದುರಿಗೆ ಬಲಿಷ್ಠ ಸೋವಿಯತ್ ತಂಡ, ಇವರ ಎತ್ತರ ಬರೀ ಆರಡಿ, ಆದರೂ ದೈತ್ಯರ ನಡುವೆ ನುಗ್ಗಿ ನುಗ್ಗಿ 40 ಪಾಯಿಂಟ್ ಹಾಕಿದರು, ಹೆಚ್ಚುವರಿ ಸಮಯದಲ್ಲಿ ಗ್ರೀಸ್ 103-101ರಿಂದ ಗೆದ್ದಿತು! ಅಲ್ಲಿನ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹುಚ್ಚು ಜಾಸ್ತಿಯಾಗಿದ್ದು ಆಮೇಲೆಯೇ. ಯೂರೋಪಿನ ಅತ್ಯುನ್ನತ ಕ್ಲಬ್ ಕಪ್ ಮಾತ್ರ ಆರಿಸ್‌ಗೆ ಸಿಗಲೇ ಇಲ್ಲ, 1988ರಿಂದ ಸತತ ಮೂರು ವರ್ಷ ಸೆಮಿಫೈನಲ್‌ನಲ್ಲೇ ಸೋತರು, ನನಗೆ ಈಗಲೂ ಅದು ಬೇಜಾರು. ಬಾಸ್ಕೆಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ 2017ರಲ್ಲಿ ಇವರನ್ನು ಸೇರಿಸಿಕೊಂಡಿತು.