ಝಂಡಾ, ಪಾಸ್‌ಪೋರ್ಟು ಮತ್ತ ಹಾವೇರಿ ತಮ್ಮನ ಪ್ರಶ್ನೆ

ತಮ್ಮಾ, ಸ್ಟುಟ್‌ಗಾರ್ಟಿಗೆ ಬಂದು ಇನ್ನೂ ಸೂಟ್‌ಕೇಸ್ ಪೂರಾ ಬಿಚ್ಚಿಲ್ಲ, ಆಗಲೇ ದೊಡ್ಡ ಪ್ರಶ್ನೆ ಕೇಳಿಬಿಟ್ಟಿ. "ಅಕ್ಕಾರ, ಆಫೀಸಿನ ಗೆಳೆಯ 'ಜರ್ಮನ್ ಅಂತ ನನಗೇನೂ ಹೆಮ್ಮೆ ಇಲ್ಲ' ಅಂದ. ಈ ಮಂದಿಗೆ ದೇಶಾಭಿಮಾನನ ಇಲ್ಲೇನ್ರಿ? ಆಗಸ್ಟ್ 15ಕ್ಕ ಬಾಲ್ಕನಿಗೆ ಝಂಡಾ ಹಚ್ಚಲೋ ಬ್ಯಾಡೋ? ಮುಂದ ಇಲ್ಲಿ ಪಾಸ್‌ಪೋರ್ಟ್ ತಗೊಂಡ್ರ ದ್ರೋಹ ಆಗ್ತೈತೇನು?" ಜೋಳದ ಹಿಟ್ಟು, ಚಳಿ ಕೋಟಿನ ವಿಷಯನೂ ಕೇಳಿದ್ದಿ. ಎರಡೂ ಇಲ್ಲೇ ಸಿಗ್ತಾವು.

ನಾ 2004ರಾಗ ಬಂದಾಗ ನನಗೂ ಹಂಗ ಅನಿಸಿತ್ತು. ಹುಬ್ಬಳ್ಳ್ಯಾಗ ಬೆಳೆದಾಕಿ. ನಸುಕಿನ್ಯಾಗ ಪ್ರಭಾತ ಫೇರಿ, ಸಾಲ್ಯಾಗ ಬೂಂದಿ ಲಾಡು. ದೇಶಕ್ಕ ಝಂಡಾ ಹೊಲಿದು ಕೊಡೋದು ನಮ್ಮ ಬೆಂಗೇರಿ ಖಾದಿ ಸಂಘದ ಹೆಣ್ಮಕ್ಕಳು ಅನ್ನೋ ಸೊಕ್ಕು ಬ್ಯಾರೆ. ಇಲ್ಲಿ ಅಕ್ಟೋಬರ್ 3 ರಾಷ್ಟ್ರೀಯ ದಿನ, ಎರಡು ಜರ್ಮನಿ ಒಂದಾದ ದಿನ. ಸಾಲಿಗೆ ಸೂಟಿ, ಅಷ್ಟ.

2006ರಾಗ ಇಲ್ಲೇ ಫುಟ್‌ಬಾಲ್ ವಿಶ್ವಕಪ್ ಆತು. ಒಮ್ಮಿಂದೊಮ್ಮೆಲೆ ಕಾರು, ಕಿಟಕಿ, ಎಲ್ಲಾ ಕಡೆ ಝಂಡಾ. ಕೆಳಗಿನ ಮನಿ ಅಜ್ಜಿಗೆ "ಎಷ್ಟ ಚಂದ ಕಾಣ್ತೈತಲ್ರಿ" ಅಂದೆ. ಆಕಿ ನಗಲಿಲ್ಲ. "ಹಿಟ್ಲರನ ಕಾಲದಾಗ ನಮ್ಮ ಓಣ್ಯಾಗ ಒಂದು ಕಿಟಕಿನೂ ಖಾಲಿ ಇರ್ತಿದ್ದಿಲ್ಲ. ಹಚ್ಚದಿದ್ದವರ ಹೆಸರು ಬರ್ಕೋತಿದ್ರು" ಅಂದ್ಲು.

ನಮ್ಮ ಝಂಡಾ ಸರಕಾರಕ್ಕ ಎದುರು ನಿಂತವರ ಕೈಯಾಗ ಬೆಳೀತು. ನಿಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಗಾಂಧೀಜಿ ಜೋಡಿ ದಂಡಿಗೆ ನಡೆದು, 1943ರಾಗ ಹೊಸರಿತ್ತಿಯೊಳಗ ಪೊಲೀಸರ ಗುಂಡಿಗೆ ಜೀವ ಕೊಟ್ಟವರು. ಈ ಜರ್ಮನ್ ಮಂದಿಯ ಹಿರ್ಯಾರಿಗೆ ಝಂಡಾ ಹಿಡಿಸಿದ್ದ ಸರಕಾರ. ಅದಕ್ಕ ಇವರಿಗೆ ಹೆಮ್ಮೆ ಅನ್ನೋ ಮಾತ ಬಾಯಾಗ ಬರಂಗಿಲ್ಲ. ರಾಷ್ಟ್ರಗೀತೆಯೊಳಗೂ ಮೂರನೇ ನುಡಿ ಒಂದ ಹಾಡ್ತಾರ, ಮೊದಲನೇದು ಹಿಟ್ಲರನ ಕಾಲ ನೆನಪಿಸ್ತೈತಿ ಅಂತ. ಆದ್ರ ದೇಶದ ಕಾಳಜಿ ಇಲ್ಲಂತಲ್ಲ, 2025ರ ಫೆಬ್ರುವರಿ ಚುನಾವಣ್ಯಾಗ ನೂರಕ್ಕ 82ಕ್ಕೂ ಹೆಚ್ಚು ಮಂದಿ ಮತ ಹಾಕಿದ್ರು. ನಿನ್ನ ಗೆಳೆಯಾಗ ಜರ್ಮನಿಯ 1949ರ ಸಂವಿಧಾನದ ಬಗ್ಗೆ ಕೇಳಿ ನೋಡು, ಆಗ ಮಾತಾಡ್ತಾನ. ನೀ ನಿನ್ನ ಝಂಡಾ ಹಚ್ಚು, ಆದ್ರ ಅವಗ "ನಿನಗ್ಯಾಕ ಅಭಿಮಾನ ಇಲ್ಲ" ಅಂತ ಕೆಣಕಬ್ಯಾಡ. ಈದ್ಗಾ ಮೈದಾನದ ಝಂಡಾ ಜಗಳದಾಗ ನಮ್ಮ ಹುಬ್ಬಳ್ಳ್ಯಾಗ ಏನೇನಾತು, ನಿನಗ ಬಿಡಿಸಿ ಹೇಳಬೇಕಾಗಿಲ್ಲ.

ಪಾಸ್‌ಪೋರ್ಟಿನ ಮಾತು. ದ್ರೋಹ-ಗೀಹ ಅನ್ನೋರನ್ನ ಬಿಡು. ಪೌರತ್ವದ ಪರೀಕ್ಷೆ ಸುಲಭ, 33ರಾಗ 17 ಸರಿ ಬಂದ್ರ ಪಾಸು. ನಾ ಇಲ್ಲಿ ಪೌರತ್ವ ತಗೊಂಡಾಗ ಇಲ್ಲಿನ ಸಂವಿಧಾನಕ್ಕ, ಕಾಯ್ದೆಗೆ ನಡ್ಕೋತೀನಿ ಅಂತ ಹೇಳಿಸಿದ್ರು. ಭಾರತವನ್ನ ಮರಿ ಅಂತ ಯಾರೂ ಅನ್ನಲಿಲ್ಲ. ಆದ್ರ ನನ್ನ ಹಳೇ ಭಾರತದ ಪಾಸ್‌ಪೋರ್ಟು ರದ್ದಿನ ಶಿಕ್ಕಾ ಬಡಿಸ್ಕೊಂಡು ವಾಪಸ್ ಬಂತು. ಊರಿಗೆ ಹೋದಾಗ ಅಪ್ಪಾರ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಎಲ್ಲಾ ಓದಿದ್ರು. "ಮತದಾರರ ಪಟ್ಟ್ಯಾಗಿನ ನಿನ್ನ ಹೆಸರು ತಗಸಬೇಕಲ್ಲವಾ" ಅಂದ್ರು. ಬ್ಯಾರೆ ಒಂದ ಮಾತಿಲ್ಲ. ಬೈದಿದ್ರ ಚಲೋ ಇತ್ತು. ಈಗ ಅವರಿಲ್ಲ, ಆ ಮಾತು ಇನ್ನೂ ಚುಚ್ಚತೈತಿ.

ನನ್ನ ಕಾಲಕ್ಕ ಎರಡೂ ದೇಶ ಒಂದನ್ನ ಬಿಡು ಅಂತಿದ್ವು. 2024ರ ಜೂನ್ 27ರಿಂದ ಜರ್ಮನಿ "ಎರಡೂ ಇಟ್ಕೋರಿ" ಅನ್ನಾಕತ್ತೈತಿ. ಬಿಡು ಅನ್ನೋದು ಈಗ ನಮ್ಮ ಭಾರತದ 1955ರ ಪೌರತ್ವ ಕಾಯ್ದೆ ಒಂದ. ನನ್ನವರು ಅನ್ನಿಸ್ಕೊಂಡವರ ಬಾಗಲಾ ಹಾಕಿದಂಗ ಆಗ್ತೈತಿ, ಏನ ಮಾಡ್ಲಿ. ಹೊರದೇಶದ ಪೌರತ್ವ ತಗೊಂಡ ಭಾರತ ಮೂಲದವರಿಗೆ ಭಾರತ ಕೊಡೋ ಓಸಿಐ ಕಾರ್ಡ್ ಇದ್ರ ವೀಸಾ ಬ್ಯಾಡ, ಆದ್ರ ಮತ ಇಲ್ಲ, ಹೊಲ ಕೊಳ್ಳಾಕ ಬರಂಗಿಲ್ಲ; ಹಿರ್ಯಾರದ್ದು ವಾರಸದಾರಿಕೆಯಿಂದ ಬಂದ್ರ ಬೇರೆ ಮಾತು. ಹಾವೇರಿ ಕಡೆ ನಾಕ ಎಕರೆ ಹಿಡಿಯೋ ಆಸೆ ಇದ್ರ ಅರ್ಜಿಗೆ ಸಹಿ ಮಾಡೂಕಿಂತ ಮೊದಲ ಹಿಡಿ. ಮತ್ತ ಮನಿಯಾಗ ಹಿರ್ಯಾರಿಗೆ ಫೋನಿನ್ಯಾಗ ಹೇಳಿ ಮುಗಿಸಬ್ಯಾಡ, ಊರಿಗೆ ಹೋದಾಗ ಎದುರು ಕುಂತು ಹೇಳು. ಅರ್ಜಿ ಹಾಕೂ ಮೊದಲ.