‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಬಂದರೆ ಫಾರ್ಮ್ಯಾಟ್ ಬೇಡ

ಹಳೇ ವಿಂಡೋಸ್ ಎಕ್ಸ್‌ಪಿ ಸಿಸ್ಟಂ ಆನ್ ಮಾಡಿದರೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ನಿಲ್ಲುತ್ತಿದೆ, ಫಾರ್ಮ್ಯಾಟ್ ಮಾಡಿಸಲೇಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಿಸಬೇಡಿ. ವಿಂಡೋಸನ್ನು ಶುರುಮಾಡುವ ಎನ್‌ಟಿಎಲ್‌ಡಿಆರ್ ಎಂಬ ಫೈಲು ಸಿಗುತ್ತಿಲ್ಲ ಎಂದಷ್ಟೇ ಇದರರ್ಥ. ನಿಮ್ಮ ಫೋಟೊ, ಫೈಲುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ.

ಮೊದಲು ಪೆನ್‌ಡ್ರೈವ್, ಫ್ಲಾಪಿ ಏನಿದ್ದರೂ ತೆಗೆಯಿರಿ. ಸಿಸ್ಟಂ ಅದರಿಂದ ಬೂಟ್ ಆಗಲು (ಶುರುವಾಗಲು) ಹೋದರೂ ಇದೇ ಸಂದೇಶ ಬರುತ್ತದೆ. ಬಯೋಸ್‌ನಲ್ಲಿ (ಸಿಸ್ಟಂ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಹಾರ್ಡ್‌ಡಿಸ್ಕ್ ಹೆಸರು ಕಾಣದಿದ್ದರೆ ಕೇಬಲ್ ಕಳಚಿ ಮತ್ತೆ ಒತ್ತಿ ಕೂರಿಸಿ. ತಾರೀಖು ಪ್ರತಿಸಲ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಸೆಲ್ ಬದಲಿಸಿ. ಅದು ಸತ್ತರೆ ಯಾವ ಡ್ರೈವಿನಿಂದ ಮೊದಲು ಶುರುವಾಗಬೇಕೆಂಬ ಬೂಟ್ ಕ್ರಮವೂ ಅಳಿಸಿಹೋಗುತ್ತದೆ.

ಆಗಲೂ ಸರಿಹೋಗದಿದ್ದರೆ ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, ‘ಆರ್’ ಒತ್ತಿ. ಕಮಾಂಡ್ ಟೈಪಿಸುವ ರಿಕವರಿ ಕನ್ಸೋಲ್ ಪರದೆ ಬರುತ್ತದೆ. ಅಲ್ಲಿ 1 ಕೊಟ್ಟು ಎಂಟರ್; ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಟ್ಟಿಲ್ಲವಾದರೆ ಮತ್ತೆ ಬರೀ ಎಂಟರ್. ‘ಮ್ಯಾಪ್’ ಎಂದು ಟೈಪಿಸಿದರೆ ಸಿಡಿ ಡ್ರೈವಿನ ಅಕ್ಷರ ತಿಳಿಯುತ್ತದೆ. ಸಿಡಿಯ ಐ386 ಫೋಲ್ಡರಿನಲ್ಲಿರುವ ಎನ್‌ಟಿಎಲ್‌ಡಿಆರ್, ಎನ್‌ಟಿಡಿಟೆಕ್ಟ್ ಡಾಟ್ ಕಾಮ್ ಎಂಬ ಎರಡು ಫೈಲನ್ನೂ ‘ಕಾಪಿ’ ಕಮಾಂಡಿನಿಂದ ನೇರ ಸಿ ಡ್ರೈವಿಗೆ ಹಾಕಿ, ಯಾವ ಫೋಲ್ಡರಿನೊಳಗೂ ಅಲ್ಲ. ಬಳಿಕ ‘ಫಿಕ್ಸ್‌ಬೂಟ್’ ಕೊಟ್ಟು, ಕೇಳಿದಾಗ ‘ವೈ’ ಒತ್ತಿ. ಅನೇಕರು ಹೇಳುವ ‘ಫಿಕ್ಸ್‌ಎಂಬಿಆರ್’ ಸದ್ಯಕ್ಕೆ ಮುಟ್ಟಬೇಡಿ, ಪಾರ್ಟಿಷನ್ ಪಟ್ಟಿಯೇ (ಡಿಸ್ಕಿನ ಸಿ, ಡಿ ಮೊದಲಾದ ಭಾಗಗಳ ವಿವರ) ಕೆಡುವ ಅಪಾಯವಿದೆ.

ಸರಿಹೋದ ಸ್ವಲ್ಪ ದಿನಕ್ಕೇ ಮತ್ತೆ ಇದೇ ಗೋಳಾದರೆ ಡಿಸ್ಕಿನ ಮೇಲೇ ಅನುಮಾನಪಡಿ. ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದ ಮೇಲಷ್ಟೇ ಡಿಸ್ಕಿನ ದೋಷ ಹುಡುಕುವ ‘ಚೆಕ್‌ಡಿಸ್ಕ್’ (chkdsk) ಕಮಾಂಡ್ ಓಡಿಸಿ.